ವಾರಾಂತ್ಯದ ಶಿಖರಗಳು ಮತ್ತು ದಾರಿ ಬಲ್ಲವರು

ಸಂಘದ ತಿಂಗಳ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಬರೆಹರೂಪ



ಈ ವೇದಿಕೆಯಲ್ಲಿ ಗಡಿ ಸಮಸ್ಯೆ, ನದಿ ನೀರು, ಭಾಷಾ ಅಲ್ಪಸಂಖ್ಯಾತರ ಶಾಲೆಗಳು ಮುಂತಾದ ಗುರುತರ ವಿಷಯಗಳನ್ನು ಕುರಿತು ವಿದ್ವಾಂಸರು ಮಾತನಾಡಿದ್ದಾರೆ. ಅಂಥ ಸ್ಥಳದಲ್ಲಿ ನಿಂತು ನಾನು ಬೆಟ್ಟ ಹತ್ತುವ ಮಾತಾಡುತ್ತೇನೆಂದಾಗ ಕಾರ್ಯದರ್ಶಿಗಳು ಒಂದು ಕ್ಷಣ ಸುಮ್ಮನಾದರು. ಅನಂತರ, ಮಿತ್ರಧರ್ಮಕ್ಕಾಗಿ ಇರಬೇಕು, ಒಪ್ಪಿಕೊಂಡರು. ಆದರೆ ಈ ಸಭೆಯಲ್ಲಿ ಕುಳಿತಿರುವ ಹಿರಿಯರನ್ನು ಒಂದು ಪ್ರಶ್ನೆ ಕೇಳುತ್ತೇನೆ. ಶುಕ್ರವಾರ ಮಧ್ಯಾಹ್ನ ಕಚೇರಿಗೆ ಅರ್ಧ ದಿನದ ರಜೆ ಹಾಕಿ, ಬೆನ್ನಿಗೊಂದು ಚೀಲ ಏರಿಸಿಕೊಂಡು, 'ಸೋಮವಾರ ಬೆಳಗ್ಗೆ ಬರುತ್ತೇವೆ, ಅಲ್ಲಿ ಫೋನು ಸಿಗುವುದಿಲ್ಲ' ಎಂದು ಹೇಳಿ ಹೊರಡುವ ಮಗನೋ ಮಗಳೋ ನಿಮ್ಮಲ್ಲಿ ಎಷ್ಟು ಮನೆಗಳಲ್ಲಿ ಇಲ್ಲ? ನಮ್ಮ ತಲೆಮಾರು ವರ್ಷಕ್ಕೊಮ್ಮೆ ರಜೆ ಪಡೆದು ಊರಿಗೆ ಹೋಗುತ್ತಿತ್ತು. ನಮ್ಮ ಮಕ್ಕಳು ವಾರಕ್ಕೊಮ್ಮೆ ಬೆಟ್ಟಕ್ಕೆ ಹೋಗುತ್ತಾರೆ. ಅವರು ಹೋಗುವ ಬೆಟ್ಟ ಯಾವುದು, ಕರೆದೊಯ್ಯುವವರು ಯಾರು, ಆ ಬೆಟ್ಟದಲ್ಲಿ ವಾಸವಾಗಿರುವವರಿಗೂ ಈ ವ್ಯವಹಾರಕ್ಕೂ ಸಂಬಂಧವೇನು ಎಂಬುದು ಕೇವಲ ವಿಹಾರದ ಪ್ರಶ್ನೆಯಲ್ಲ. ಅದರಲ್ಲಿ ಪ್ರಾಣದ ಪ್ರಶ್ನೆಯಿದೆ. ಸ್ವಲ್ಪಮಟ್ಟಿಗೆ ರಾಜಕೀಯದ ಪ್ರಶ್ನೆಯೂ ಇದೆ.

ಮೊದಲು ಶಬ್ದದ ವಿಚಾರ. ಟ್ರೆಕ್ಕಿಂಗ್ ಎಂಬುದಕ್ಕೆ ನಾವೀಗ 'ಚಾರಣ' ಎನ್ನುತ್ತೇವೆ. ಯಾರು ಮೊದಲು ಬಳಸಿದರೋ, ಸೊಗಸಾದ ಆಯ್ಕೆ. ಹಳಗನ್ನಡದ ಜೈನಕಾವ್ಯಗಳನ್ನು ಓದಿದವರಿಗೆ ಚಾರಣ ಋಷಿಗಳು ಪರಿಚಿತರು. ತಪಸ್ಸಿನ ಬಲದಿಂದ ಆಕಾಶಮಾರ್ಗದಲ್ಲಿ ಸಂಚರಿಸಬಲ್ಲವರು ಅವರು. ಇಂದಿನ ಚಾರಣಿಗರಿಗೆ ತಪಸ್ಸೂ ಇಲ್ಲ, ಆಕಾಶಗಮನವೂ ಇಲ್ಲ, ಕಾಲೇ ಗತಿ. ಕಾಲಿಗೆ ನೆಲ ಗೊತ್ತಿರಬೇಕು, ಇಲ್ಲವೇ ನೆಲ ಗೊತ್ತಿರುವವನೊಬ್ಬ ಮುಂದೆ ಇರಬೇಕು. ನನ್ನ ಇಂದಿನ ಮಾತೆಲ್ಲ ಈ ಎರಡನೆಯವನ ಸುತ್ತಲೇ ಇರುತ್ತದೆ.

ಮದರಾಸಿಗೂ ಬೆಟ್ಟಗಳಿಗೂ ಏನು ನಂಟು ಎಂದು ಕೇಳಬಹುದು. ಸಮುದ್ರಮಟ್ಟದಲ್ಲಿ, ಚಪ್ಪಟೆಯಾಗಿ ಹರಡಿಕೊಂಡಿರುವ ಊರು ಇದು. ಆದರೆ ಭಾರತದ ಶಿಖರಗಳ ಲೆಕ್ಕ ಶುರುವಾದದ್ದೇ ಇಲ್ಲಿಂದ. ಎಲೆಕ್ಟ್ರಿಕ್ ರೈಲಿನಲ್ಲಿ ತಾಂಬರಂ ಕಡೆಗೆ ಹೋಗುವಾಗ ಕಾಣುವ ಪರಂಗಿಮಲೈ ತಪ್ಪಲಿನಲ್ಲಿ 1802ರ ಏಪ್ರಿಲ್ ತಿಂಗಳಲ್ಲಿ ವಿಲಿಯಂ ಲ್ಯಾಂಬ್ಟನ್ ಸರಪಳಿ ಹಿಡಿದು ಏಳೂವರೆ ಮೈಲಿ ಉದ್ದದ ಆಧಾರರೇಖೆಯೊಂದನ್ನು ಅಳೆದನು. ಆ ರೇಖೆಯ ಮೇಲೆ ತ್ರಿಕೋನದ ಪಕ್ಕದಲ್ಲಿ ತ್ರಿಕೋನವನ್ನು ಕಟ್ಟುತ್ತ, ಬೆಟ್ಟದಿಂದ ಬೆಟ್ಟಕ್ಕೆ ದೃಷ್ಟಿ ಹಾಯಿಸುತ್ತ, ಮೈಸೂರು ಸೀಮೆಯನ್ನೂ ಪಶ್ಚಿಮಘಟ್ಟವನ್ನೂ ದಾಟಿ ಅವನ ತಂಡ ಮಂಗಳೂರಿನ ಕಡಲನ್ನು ತಲುಪಿತು. ಆಗ ತಿಳಿದದ್ದೇನೆಂದರೆ ಪರ್ಯಾಯದ್ವೀಪದ ಅಗಲ ಅಂದಿನ ನಕಾಶೆಗಳು ತೋರಿಸುತ್ತಿದ್ದ 400 ಮೈಲಿಯಲ್ಲ, ಸುಮಾರು 360 ಮೈಲಿ ಎಂಬುದು. ನಲವತ್ತು ಮೈಲಿ ನೆಲ ಕಾಗದದ ಮೇಲಿಂದ ಮಾಯವಾಯಿತು! ಲೆಕ್ಕಪರಿಶೋಧನೆಯಲ್ಲಿ ಜೀವಮಾನ ಕಳೆದಿರುವ ನನಗೆ ಇದಕ್ಕಿಂತ ದೊಡ್ಡ ಆಕ್ಷೇಪಣೆಯನ್ನು ಯಾರಾದರೂ ಬರೆದದ್ದು ಗೊತ್ತಿಲ್ಲ. ಅದಿರಲಿ. ಆ ಕೆಲಸ ಲ್ಯಾಂಬ್ಟನ್ನನ ಹೆಸರಿನಲ್ಲಿ ದಾಖಲಾಗಿದೆ. ದುರ್ಗಮ ಬೆಟ್ಟಗಳ ತುದಿಗೆ ಬಾವುಟ ಹೊತ್ತು ಮೊದಲು ಹತ್ತಿದವರ, ಭಾರವಾದ ಯಂತ್ರಗಳನ್ನು ಹೆಗಲ ಮೇಲೆ ಸಾಗಿಸಿದವರ, ಇಲ್ಲಿ ದಾರಿಯಿದೆ, ಅಲ್ಲಿಲ್ಲ ಎಂದು ತೋರಿಸಿಕೊಟ್ಟ ಆಯಾ ಊರಿನವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ.

ಇನ್ನು ನಾನು ಉದಾಹರಣೆಗೆ ಆರಿಸಿಕೊಂಡಿರುವ ಶಿಖರ, ಕುಮಾರ ಪರ್ವತ. ಎತ್ತರ 1712 ಮೀಟರು. ಕರ್ನಾಟಕದಲ್ಲಿ ಇದಕ್ಕಿಂತ ಎತ್ತರದವು ಇವೆ. ಮುಳ್ಳಯ್ಯನಗಿರಿ 1930 ಮೀಟರು. ಕೊಡಗಿನದೇ ತಡಿಯಂಡಮೋಳ್ 1748 ಮೀಟರು. ನಾವಿರುವ ಈ ರಾಜ್ಯದ ಅತ್ಯುನ್ನತ ಶಿಖರವಂತೂ 2637 ಮೀಟರಿನ ದೊಡ್ಡಬೆಟ್ಟ. ತಮಿಳುನಾಡಿನ ನೆತ್ತಿಯ ಮೇಲೆ ಕುಳಿತಿರುವ ಹೆಸರು ಅಚ್ಚಗನ್ನಡದ್ದು ಎಂದು ನಾವು ಆಗಾಗ ಹೆಮ್ಮೆಪಡುತ್ತೇವೆ. ಆ ಹೆಸರನ್ನು ಉಳಿಸಿಕೊಂಡು ಬಂದವರು ಕನ್ನಡಕ್ಕೆ ತೀರ ಹತ್ತಿರದ ನುಡಿಯಾಡುವ ಬಡಗರು ಎಂಬುದನ್ನು ಮಾತ್ರ ಅಷ್ಟಾಗಿ ನೆನೆಯುವುದಿಲ್ಲ. ಆದರೆ ದೊಡ್ಡಬೆಟ್ಟದ ತುದಿಗೆ ಮೋಟಾರು ಹೋಗುತ್ತದೆ. ಮುಳ್ಳಯ್ಯನಗಿರಿಯಲ್ಲಿಯೂ ವಾಹನ ಇಳಿದು ಮೆಟ್ಟಿಲು ಹತ್ತಿದರೆ ಸಾಕು. ಕುಮಾರ ಪರ್ವತಕ್ಕೆ ಆ ಸೌಲಭ್ಯವಿಲ್ಲ. ಕುಕ್ಕೆ ಸುಬ್ರಹ್ಮಣ್ಯ ಸಮುದ್ರಮಟ್ಟದಿಂದ ನೂರಿಪ್ಪತ್ತು ಮೀಟರಿನಷ್ಟೇ ಮೇಲಿರುವುದರಿಂದ ಹೆಚ್ಚುಕಡಮೆ ಪೂರ್ತಿ ಎತ್ತರವನ್ನು ಕಾಲಿನಲ್ಲಿಯೇ ಗಳಿಸಬೇಕು. ಒಂದು ದಿಕ್ಕಿಗೆ ಸುಮಾರು ಹದಿಮೂರು ಕಿಲೋಮೀಟರು. ದಕ್ಷಿಣ ಭಾರತದ ಕಠಿಣ ಚಾರಣಗಳಲ್ಲಿ ಇದೊಂದು ಎನ್ನುವುದು ಉತ್ಪ್ರೇಕ್ಷೆಯಲ್ಲ.

ಮತ್ತೊಂದು ಕಾರಣಕ್ಕೂ ಈ ಬೆಟ್ಟ ನಮಗೆ ಹತ್ತಿರದ್ದು. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆ ಮದರಾಸಿಗೆ ಸೇರಿತ್ತು. ಕೊಡಗು ಪ್ರತ್ಯೇಕ ರಾಜ್ಯವಾಗಿತ್ತು. ಎಂದರೆ ಕುಮಾರ ಪರ್ವತದ ಪಡುವಣ ಮಗ್ಗುಲಿನ ಕಾಡು ನಾವೀಗ ಕುಳಿತಿರುವ ಈ ನಗರದ ಆಡಳಿತಕ್ಕೆ ಒಳಪಟ್ಟಿತ್ತು. ಮೂಡಣ ಮಗ್ಗುಲು ಮಡಿಕೇರಿಯ ಆಡಳಿತಕ್ಕೆ. ಬೆಟ್ಟದ ನೀರಿಗೆ ಈ ಗಡಿ ಗೊತ್ತಿರಲಿಲ್ಲ. ಅಲ್ಲಿ ಹುಟ್ಟುವ ಕುಮಾರಧಾರೆ ಸೋಮವಾರಪೇಟೆಯ ಕಡೆ ಮಲ್ಲಳ್ಳಿಯಲ್ಲಿ ಧುಮುಕಿ, ಸುತ್ತಿ ಬಂದು, ಕುಕ್ಕೆಯನ್ನು ಹಾದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ತಾರಕಾಸುರನನ್ನು ಕೊಂದ ಷಣ್ಮುಖ ತನ್ನ ಶಕ್ತ್ಯಾಯುಧವನ್ನು ತೊಳೆದ ಹೊಳೆ ಇದು ಎನ್ನುತ್ತದೆ ಸ್ಥಳಪುರಾಣ. ಷಣ್ಮುಖನೆಂದರೆ ನಮ್ಮ ನೆರೆಹೊರೆಯವರ ಮುರುಗನ್ ಅಲ್ಲವೆ? ಕುಕ್ಕೆಗೆ ಹೋಗುವ ರೈಲಿನಲ್ಲಿ ಮೈಲಾಪುರದ ತಮಿಳು ಕುಟುಂಬಗಳು ಎಷ್ಟು ಸಿಗುತ್ತವೆ ಎಂಬುದನ್ನು ನಿಮ್ಮಲ್ಲಿ ಹಲವರು ಬಲ್ಲಿರಿ.

ಏರುದಾರಿಯ ಮೊದಲರ್ಧ ದಟ್ಟವಾದ ಕಾಡು. ಬೇರುಗಳೇ ಮೆಟ್ಟಿಲು. ಮಳೆ ನಿಂತ ಹೊಸತರಲ್ಲಿ ಹೋದರೆ ಇಂಬಳಗಳ ಉಪದ್ರವ. ಸುಣ್ಣ ಹೊಗೆಸೊಪ್ಪು ಸವರಿಕೊಂಡರೂ ಒಂದೆರಡು ತಮ್ಮ ಪಾಲನ್ನು ವಸೂಲು ಮಾಡದೆ ಬಿಡುವುದಿಲ್ಲ. ಎರಡು ಮೂರು ಗಂಟೆ ಹತ್ತಿದ ಮೇಲೆ ಗಿರಿಗದ್ದೆ ಬರುತ್ತದೆ. ಕಾಡಿನ ನಡುವೆ ಅಡಿಕೆ ತೋಟ, ಒಂದು ಮನೆ. ಚಾರಣಿಗರೆಲ್ಲ ಅದನ್ನು 'ಭಟ್ಟರ ಮನೆ' ಎಂದೇ ಕರೆಯುತ್ತಾರೆ. ಹೋಟೆಲೂ ಅಲ್ಲ, ಛತ್ರವೂ ಅಲ್ಲ. ದಶಕಗಳ ಕಾಲ ಆ ಮನೆಯವರು ಹೊತ್ತುಗೊತ್ತಿಲ್ಲದೆ ಬಂದ ಅಪರಿಚಿತರಿಗೆ ಅನ್ನ, ಸಾಂಬಾರು, ಮಜ್ಜಿಗೆ ಬಡಿಸಿ, ಮಲಗಲು ಜಗಲಿ ಕೊಟ್ಟಿದ್ದಾರೆ. ದುಡ್ಡು ತೆಗೆದುಕೊಳ್ಳುತ್ತಾರೆ, ನಿಜ; ಕತ್ತೆಯೂ ಏರದ ದಾರಿಯಲ್ಲಿ ಅಕ್ಕಿ ಬೇಳೆ ಹೊತ್ತು ತಂದವರು ತೆಗೆದುಕೊಳ್ಳಲೇಬೇಕು. ಆದರೆ ಎಲೆಯ ಮುಂದೆ ಕುಳಿತವನಿಗೆ ಬೇಕೇ ಎಂದು ಕೇಳುವ ಧ್ವನಿಯಲ್ಲಿ ವ್ಯಾಪಾರವಿರುವುದಿಲ್ಲ.

ಇಲ್ಲಿ ಶಿವರಾಮ ಕಾರಂತರನ್ನು ನೆನೆಯದಿರುವುದು ಸಾಧ್ಯವೇ ಇಲ್ಲ. 1943ರಲ್ಲಿ ಪ್ರಕಟವಾದ 'ಬೆಟ್ಟದ ಜೀವ' ಇದೇ ಕುಮಾರ ಪರ್ವತದ ಆಸುಪಾಸಿನ ಕತೆ. ಅದರಲ್ಲಿ ನಿರೂಪಕ ಕಾಡಿನಲ್ಲಿ ದಾರಿ ತಪ್ಪುತ್ತಾನೆ. ಕಡೆಗೆ ಗೋಪಾಲಯ್ಯ, ಶಂಕರಮ್ಮ ಎಂಬ ವೃದ್ಧ ದಂಪತಿಗಳ ಮನೆ ಸೇರುತ್ತಾನೆ. ಅವರು ಅವನನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ, ಏಕೆಂದರೆ ಅವರ ಸ್ವಂತ ಮಗ ಶಂಭು ಮನೆ ಬಿಟ್ಟು ಹೊರಟುಹೋಗಿದ್ದಾನೆ. ನಾವು ತರುಣರಾಗಿದ್ದಾಗ ಈ ಕಾದಂಬರಿಯನ್ನು ನಿರೂಪಕನ ಕಣ್ಣಿನಿಂದ ಓದಿದೆವು. ಹೊರನಾಡಿನಲ್ಲಿ ಮೂವತ್ತು ವರ್ಷ ಕಳೆದ ಮೇಲೆ ಓದಿದರೆ ನಮಗೆ ಕಾಣುವವನು ಶಂಭು. ನಾವೆಲ್ಲ ಒಂದಲ್ಲ ಒಂದು ಬಗೆಯಲ್ಲಿ ಊರು ಬಿಟ್ಟ ಶಂಭುಗಳು. ನಮ್ಮ ಮಕ್ಕಳು, ಅಪ್ಪ ಬಿಟ್ಟುಬಂದ ಬೆಟ್ಟಕ್ಕೆ ಎರಡು ದಿನದ ಮಟ್ಟಿಗೆ ಟಿಕೀಟು ಕೊಂಡು ಹೋಗುತ್ತಿದ್ದಾರೆ. ನನಗೆ ಇದರಲ್ಲಿ ವಿಷಾದಕ್ಕಿಂತ ಕುತೂಹಲ ಹೆಚ್ಚು.

ಗಿರಿಗದ್ದೆಯನ್ನು ಬಿಟ್ಟು ಅರಣ್ಯ ಇಲಾಖೆಯ ತನಿಖಾ ಠಾಣೆಯನ್ನು ದಾಟಿದರೆ ಕಾಡು ಮುಗಿದು ಹುಲ್ಲುಗಾವಲು. ನೆರಳೆಂಬುದಿಲ್ಲ. ಕಲ್ಲುಮಂಟಪ, ಭತ್ತದ ರಾಶಿ, ಹೆಡೆಯೆತ್ತಿದ ಹಾವಿನಂಥ ಶೇಷ ಪರ್ವತ. ಶೇಷ ಪರ್ವತವೇ ತುದಿ ಎಂದು ಹೊಸಬರು ಉತ್ಸಾಹಪಡುತ್ತಾರೆ. ಅಲ್ಲಿಂದ ಮತ್ತೆ ಒಂದು ಶೋಲೆಗೆ ಇಳಿದು, ನುಣುಪಾದ ಬಂಡೆ ಹತ್ತಿ ಹೋಗಬೇಕೆಂದು ತಿಳಿದಾಗ ಮುಖ ಬಾಡುತ್ತದೆ.

2016ರ ನವೆಂಬರಿನಲ್ಲಿ ನಾನು ಮಗಳೊಂದಿಗೂ ಅವಳ ಸಹೋದ್ಯೋಗಿಗಳೊಂದಿಗೂ ಈ ಶೇಷ ಪರ್ವತದವರೆಗೆ ಹೋಗಿದ್ದೆ. ಒಟ್ಟು ಹದಿನಾಲ್ಕು ಮಂದಿ. ಹಣ ಕಟ್ಟಿಸಿಕೊಂಡ ಸಂಸ್ಥೆಯವರು ಒಬ್ಬ ತಂಡದ ನಾಯಕನನ್ನು ಕಳಿಸಿದ್ದರು, ಚುರುಕಾದ ನಗರದ ಹುಡುಗ. ಅವನಲ್ಲದೆ ತಪ್ಪಲಿನ ಊರಿನ, ನನ್ನಷ್ಟೇ ವಯಸ್ಸಿನ ಒಬ್ಬರು ಮುಂದೆ ನಡೆಯುತ್ತಿದ್ದರು. ಅವರು ಮಲೆಕುಡಿಯರು. ಶೇಷ ಪರ್ವತದ ನೆತ್ತಿಯಲ್ಲಿ ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಮೂಡಲಿಂದ ಮೋಡ ಏರತೊಡಗಿತು. ನಮಗೆ ಅದು ಫೋಟೋ ತೆಗೆಯುವ ಸೊಬಗಾಗಿ ಕಂಡಿತು. ಅವರು ಬಂಡೆಯ ಮೇಲೆ ಕುಳಿತು, "ಇನ್ನು ಮೇಲೆ ಹೋಗುವುದು ಬೇಡ ಸಾರ್, ಗುಡುಗು ಉಂಟು" ಎಂದರು. ನಮ್ಮ ಕಿವಿಗೆ ಯಾವ ಗುಡುಗೂ ಕೇಳಿಸಿರಲಿಲ್ಲ. ತಂಡದ ನಾಯಕ ಕೈಗಡಿಯಾರ ನೋಡಿ, ನಲವತ್ತು ನಿಮಿಷದ ಕೆಲಸ ಎಂದ. ಹುಡುಗರಲ್ಲಿ ಒಬ್ಬ, ಚೆನ್ನೈನಿಂದ ಇಷ್ಟು ದೂರ ಬಂದು, ಇಷ್ಟು ದುಡ್ಡು ಕೊಟ್ಟು ತುದಿ ನೋಡದೆ ಹೋಗುವುದೇ ಎಂದು ಕೇಳಿದ. ಅವನ ಪ್ರಶ್ನೆಯೂ ಅನ್ಯಾಯದ್ದಲ್ಲ. ಕುಳಿತವರು ಏಳಲಿಲ್ಲ. "ನೀವು ಹೋಗುವುದಾದರೆ ಹೋಗಿ ಅಣ್ಣಾ, ನಾನು ಇಲ್ಲೇ ಇರ್ತೇನೆ. ಬೋಳು ಬಂಡೆ ಅದು. ಸಿಡಿಲಿಗೆ ನಾವೇ ಎತ್ತರ ಅಲ್ಲಿ" ಎಂದರಷ್ಟೆ. ನನ್ನ ಮಗಳು ಮೊದಲು ಹಿಂದಿರುಗಿದಳು, ಉಳಿದವರು ಗೊಣಗುತ್ತ ಬಂದರು. ಕಲ್ಲುಮಂಟಪ ತಲುಪುವಷ್ಟರಲ್ಲಿ ಮಳೆ ಕಲ್ಲು ಹೊಡೆದ ಹಾಗೆ ಬಿತ್ತು; ಮೇಲೆ ಆಕಾಶ ಎರಡಾಗುವಂತೆ ಮಿಂಚಿತು. ಆ ದಿನ ನಾವು ಶಿಖರ ನೋಡಲಿಲ್ಲ. ಮೂರು ವರ್ಷಗಳ ಅನಂತರ, 2019ರ ಡಿಸೆಂಬರಿನಲ್ಲಿ ನೋಡಿದೆ. ಕಲ್ಲಿನ ಪುಟ್ಟದೊಂದು ಗುಡಿ, ಜೋರಾದ ಗಾಳಿ, ಮೂರು ಕಡೆಗೂ ಮಡಿಕೆ ಮಡಿಕೆಯಾಗಿ ಘಟ್ಟ.

ಆ ಹಿರಿಯರಿಗೆ ಆ ಎರಡು ದಿನಕ್ಕೆ ಸಂದ ಕೂಲಿ ಎಷ್ಟೆಂದು ನಾನು ಕೇಳಿ ತಿಳಿದೆ, ವೃತ್ತಿಯ ಅಭ್ಯಾಸ. ಹದಿನಾಲ್ಕು ಮಂದಿ ಕಟ್ಟಿದ ಹಣದ ಜೊತೆ ಅದನ್ನಿಟ್ಟು ನೋಡಿದರೆ ಯಾವ ಲೆಕ್ಕಾಧಿಕಾರಿಗೂ ನಾಚಿಕೆಯಾಗಬೇಕು. ಮುಂದೆ ನಿಂತು ನಿರ್ಧಾರ ಮಾಡಿದವರು ಅವರು. ಪತ್ರದಲ್ಲಿ 'ಮಾರ್ಗದರ್ಶಿ' ಎಂದು ನಮೂದಾಗಿದ್ದ ಹೆಸರು ಇನ್ನೊಬ್ಬನದು. ಮಲೆಕುಡಿಯರ ಜ್ಞಾನ ಎಂಥದೆಂದು ತಿಳಿಯಬೇಕಾದರೆ ಚಂಪಾಷಷ್ಠಿಗೆ ಮುಂಚೆ ಕುಕ್ಕೆಗೆ ಹೋಗಿ ನೋಡಿ. ದೇವರ ಬ್ರಹ್ಮರಥವನ್ನು ಕಟ್ಟುವವರು ಅವರೇ. ಕಾಡಿನಿಂದ ಬಿದಿರು ಬೆತ್ತ ತಂದು, ಹಗ್ಗವಿಲ್ಲದೆ, ಬೆತ್ತದಿಂದಲೇ ಅಷ್ಟು ದೊಡ್ಡ ರಥವನ್ನು ಬಿಗಿಯುತ್ತಾರೆ. ಯಾವ ಬೆತ್ತ ಯಾವ ಮಗ್ಗುಲಿನಲ್ಲಿ ಬೆಳೆಯುತ್ತದೆ, ಯಾವಾಗ ಕಡಿದರೆ ಬಾಳುತ್ತದೆ ಎಂಬ ತಿಳಿವಳಿಕೆಯೇ ಮೋಡ ಯಾವ ಕಡೆಯಿಂದ ಬಂದರೆ ಏಳಬಾರದು ಎಂಬುದನ್ನೂ ಹೇಳುವುದು.

ಈಗ ಕಹಿಯಾದ ಪ್ರಸಂಗಕ್ಕೆ ಬರುತ್ತೇನೆ. ಚೆನ್ನೈನಲ್ಲಿ ನಿಂತು ವಾರಾಂತ್ಯದ ಚಾರಣದ ಮಾತಾಡುವವನು ಕುರಂಗಣಿಯ ಹೆಸರೆತ್ತದೆ ಇಳಿದುಹೋಗುವಂತಿಲ್ಲ. ತೇಣಿ ಜಿಲ್ಲೆಯ ಬೋಡಿನಾಯಕನೂರಿನ ಮೇಲಿನ ಬೆಟ್ಟಸಾಲು ಅದು. ಕೆಳಗಿನ ಕಂಬಂ ಕಣಿವೆಯಲ್ಲಿ ಶತಮಾನಗಳ ಹಿಂದೆ ವಲಸೆ ಬಂದು ಇಂದಿಗೂ ಮನೆಯೊಳಗೆ ಕನ್ನಡವನ್ನಾಡುವ ಕಪ್ಪಿಲಿಯರು ಇದ್ದಾರೆ ಎಂಬುದು ನಮ್ಮ ಓದುಗರಿಗೆ ಗೊತ್ತು. 2018ರ ಮಾರ್ಚ್ 11, ಭಾನುವಾರ. ಚೆನ್ನೈನಿಂದ ಒಂದು ತಂಡ, ಈರೋಡು ತಿರುಪ್ಪೂರುಗಳ ಕಡೆಯಿಂದ ಇನ್ನೊಂದು ತಂಡ. ಕೊಳುಕ್ಕುಮಲೆಯ ಚಹಾತೋಟದವರೆಗೆ ಹತ್ತಿ, ಮರುದಿನ ಇಳಿಯುತ್ತಿದ್ದಾಗ ಒಣಹುಲ್ಲಿನ ಕಾಳ್ಗಿಚ್ಚಿನಲ್ಲಿ ಸಿಕ್ಕಿಕೊಂಡರು. ಹಲವರು ತರುಣಿಯರು, ಈ ನಗರದ ಕಂಪೆನಿಗಳಲ್ಲಿ ಕೆಲಸಕ್ಕಿದ್ದವರು. ವಾಯುಪಡೆಯ ಹೆಲಿಕಾಪ್ಟರುಗಳು ಬಂದವು, ಊರವರು ಡೋಲಿ ಕಟ್ಟಿ ಗಾಯಾಳುಗಳನ್ನು ಹೊತ್ತು ಇಳಿಸಿದರು. ಅಂದೇ ಸತ್ತವರು, ಅನಂತರದ ವಾರಗಳಲ್ಲಿ ಆಸ್ಪತ್ರೆಯಲ್ಲಿ ಸತ್ತವರು ಸೇರಿ ಇಪ್ಪತ್ತಮೂರು ಜೀವಗಳು ಹೋದವು.

ಸರ್ಕಾರ ಹಿರಿಯ ಅಧಿಕಾರಿ ಅತುಲ್ಯ ಮಿಶ್ರರನ್ನು ವಿಚಾರಣೆಗೆ ನೇಮಿಸಿತು. ಅನುಮತಿ ಯಾರು ಕೊಟ್ಟರು, ಯಾವ ದಾರಿಗೆ ಕೊಟ್ಟರು ಎಂದು ಬಹಳ ಚರ್ಚೆಯಾಯಿತು. ಆ ಚರ್ಚೆ ಅವಶ್ಯವಾದದ್ದೇ. ಆದರೆ ಕಡತದಲ್ಲಿ ಸಹಿ ಸರಿಯಾಗಿದ್ದ ಮಾತ್ರಕ್ಕೆ ಹುಲ್ಲು ಉರಿಯದಿರುವುದಿಲ್ಲ. ಬೆಟ್ಟದ ಬೆಂಕಿಗೆ ತನ್ನದೇ ನಿಯಮವಿದೆ. ಅದು ಇಳಿಜಾರಿನಲ್ಲಿ ಮೇಲ್ಮುಖವಾಗಿ ಓಡುತ್ತದೆ. ಕೆಳಗಿನ ಜ್ವಾಲೆ ಮೇಲಿನ ಹುಲ್ಲನ್ನು ಮೊದಲೇ ಕಾಯಿಸಿ ಒಣಗಿಸಿಡುವುದರಿಂದ, ಇಳಿಜಾರು ಕಡಿದಾದಷ್ಟೂ ಅದರ ವೇಗ ಹೆಚ್ಚು. ಮನುಷ್ಯನ ವೇಗ ಅದೇ ಇಳಿಜಾರಿನಲ್ಲಿ ಕಡಮೆಯಾಗುತ್ತದೆ. ಹೆದರಿದವನು ಸಹಜವಾಗಿ ಬೆಂಕಿಗೆ ಬೆನ್ನು ಹಾಕಿ ಮೇಲಕ್ಕೆ ಓಡುತ್ತಾನೆ, ಇಲ್ಲವೇ ಹುಲ್ಲು ದಟ್ಟವಾಗಿರುವ ಕೊರಕಲಿಗೆ ಇಳಿಯುತ್ತಾನೆ. ಎರಡೂ ಮಾರಕ. ಬೆಟ್ಟದವನಾದರೆ ಬೋಳು ಬಂಡೆಯನ್ನೋ, ಆಗಲೇ ಉರಿದು ಕರಿಯಾದ ನೆಲವನ್ನೋ ಹುಡುಕುತ್ತಾನೆ. ಅದಕ್ಕಿಂತ ಮುಖ್ಯವಾಗಿ, ಮಾರ್ಚ್ ತಿಂಗಳಲ್ಲಿ ಆ ಹುಲ್ಲಿನೊಳಗೆ ಹೆಜ್ಜೆಯಿಡುವ ಮೊದಲು ಹತ್ತು ಸಲ ಯೋಚಿಸುತ್ತಾನೆ. ನಮ್ಮ ಕಡೆಯ ಅರಣ್ಯ ನೌಕರರು ಬೇಸಗೆಗೆ ಮುಂಚೆ ಬೆಂಕಿರೇಖೆ ತೆಗೆಯುವುದು, ಕರ್ನಾಟಕದಲ್ಲಿ ಬೇಸಗೆಯ ತಿಂಗಳುಗಳಲ್ಲಿ ಹುಲ್ಲುಗಾವಲಿನ ಚಾರಣಗಳನ್ನು ಮುಚ್ಚುವುದು ಇದೇ ಕಾರಣಕ್ಕಾಗಿ. 'ಇಲಾಖೆಯವರ ಕಿರುಕುಳ' ಎಂದು ನಮ್ಮ ಹುಡುಗರು ಬೈಯುವುದನ್ನು ಕೇಳಿದ್ದೇನೆ. ಕುರಂಗಣಿಯ ತಾಯಂದಿರನ್ನು ಕೇಳಿದರೆ ಬೇರೆ ಮಾತು ಬಂದೀತು.

ಇನ್ನೊಂದು ದುರಂತ ಕನ್ನಡಿಗರದೇ. 2024ರ ಮೇ ತಿಂಗಳ ಕೊನೆಯಲ್ಲಿ, ಹೆಚ್ಚಿನವರು ಕರ್ನಾಟಕದವರೇ ಆಗಿದ್ದ ಒಂದು ತಂಡ ಉತ್ತರಾಖಂಡದ ಸಹಸ್ರತಾಲಕ್ಕೆ ಹೊರಟಿತು. ಸ್ಥಳೀಯ ಮಾರ್ಗದರ್ಶಿಗಳೂ ಸೇರಿ ಇಪ್ಪತ್ತೆರಡು ಮಂದಿ. ಎಪ್ಪತ್ತು ದಾಟಿದವರೂ ಇದ್ದರು, ಬೆಟ್ಟ ಹೊಸದಲ್ಲದವರೂ ಇದ್ದರು. ನಾಲ್ಕು ಸಾವಿರ ಮೀಟರಿಗೂ ಮೇಲೆ, ಜೂನ್ ಮೊದಲ ವಾರದಲ್ಲಿ, ಹಿಮಗಾಳಿ ಅವರನ್ನು ಹಿಡಿಯಿತು. ಒಂಬತ್ತು ಮಂದಿ ಮರಳಲಿಲ್ಲ. ಕರ್ನಾಟಕದ ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನಿಗೆ ಹೋಗಿ ನಿಂತು ಉಳಿದವರನ್ನು ಕರೆತಂದರು. ಅದು ವಾರಾಂತ್ಯದ ಚಾರಣವಾಗಿರಲಿಲ್ಲ, ಕೆಲವು ದಿನಗಳ ಯೋಜಿತ ಪ್ರಯಾಣವಾಗಿತ್ತು, ಮಾರ್ಗದರ್ಶಿಗಳೂ ಜೊತೆಗಿದ್ದರು. ಹಾಗಾಗಿ ಮಾರ್ಗದರ್ಶಿಯಿದ್ದರೆ ಎಲ್ಲ ಕ್ಷೇಮ ಎಂಬ ಸರಳ ತೀರ್ಮಾನಕ್ಕೆ ನಾನೂ ಬರಲಾರೆ. ಒದ್ದೆ ಬಟ್ಟೆ, ಬಿರುಗಾಳಿ, ದಣಿವು ಈ ಮೂರೂ ಒಂದಾದಾಗ ಶರೀರದ ಬಿಸಿ ಕೆಲವೇ ಗಂಟೆಗಳಲ್ಲಿ ಇಳಿದುಹೋಗುತ್ತದೆ. ಮೊದಲು ಮಂಕಾಗುವುದು ಬುದ್ಧಿಯೇ ಆದ್ದರಿಂದ ತಾನು ಅಪಾಯದಲ್ಲಿರುವುದು ದೇಹಸ್ಥನಿಗೇ ತಿಳಿಯುವುದಿಲ್ಲ.

ಇದನ್ನು ಏಕೆ ಹೇಳುತ್ತಿದ್ದೇನೆಂದರೆ ಈಗ ಹಿಮಾಲಯದ ಶಿಖರಗಳನ್ನೂ ವಾರಾಂತ್ಯದ ಸರಕಾಗಿ ಮಾರುತ್ತಿದ್ದಾರೆ. ಡೆಹ್ರಾಡೂನಿನ ಹತ್ತಿರದ ನಾಗ್ ಟಿಬ್ಬಾ ಮೂರು ಸಾವಿರ ಮೀಟರನ್ನು ದಾಟುತ್ತದೆ. ಶುಕ್ರವಾರ ವಿಮಾನ ಹತ್ತಿ ಸೋಮವಾರ ಕಚೇರಿಗೆ ಬಂದು ಕೂರುವವರಿದ್ದಾರೆ. ದಕ್ಷಿಣದ ನಮ್ಮ ಬೆಟ್ಟಗಳಲ್ಲಿ ಅತಿ ಎತ್ತರದ್ದಾದ ಆನೆಮುಡಿಯೇ 2695 ಮೀಟರು. ಆದ್ದರಿಂದ ಇಲ್ಲಿ ಗಾಳಿ ತೆಳುವಾಗಿ ತಲೆನೋವು, ವಾಂತಿ, ಉಸಿರುಗಟ್ಟುವಿಕೆ ಬರುವ ಪ್ರಮೇಯ ಬಹಳ ಕಡಮೆ. ಎರಡೂವರೆ ಸಾವಿರ ಮೀಟರಿನಾಚೆ ಅದು ಶುರುವಾಗುತ್ತದೆ. ಮೂರು ಸಾವಿರ ದಾಟಿದ ಮೇಲೆ ದಿನಕ್ಕೆ ಐನೂರು ಮೀಟರಿಗಿಂತ ಹೆಚ್ಚು ಎತ್ತರಕ್ಕೆ ಹೋಗಿ ಮಲಗಬಾರದೆಂಬುದು ವೈದ್ಯರ ಮಾತು. ಸಮುದ್ರತೀರದ ಚೆನ್ನೈನಿಂದ ಹೋದ ಶ್ವಾಸಕೋಶಕ್ಕೆ ಎರಡು ದಿನದ ರಜೆ ಎಲ್ಲಿ ಸಾಲುತ್ತದೆ? ಕುಮಾರ ಪರ್ವತವನ್ನು ಎರಡು ದಿನದಲ್ಲಿ ಹತ್ತಿ ಇಳಿದ ಹುಡುಗ, ಅದರ ಬಲದ ಮೇಲೆ ಅದಕ್ಕೂ ಎರಡುಪಟ್ಟು ಎತ್ತರವನ್ನು ಅಷ್ಟೇ ದಿನದಲ್ಲಿ ಹತ್ತುತ್ತೇನೆಂದರೆ ಮನೆಯ ಹಿರಿಯರು ಗಣಿತವನ್ನಾದರೂ ಕೇಳಬೇಕು.

ಹಾಗಾದರೆ ಸರ್ಕಾರ ಇದನ್ನೆಲ್ಲ ನಿಷೇಧಿಸಬೇಕೆ? 2024ರ ಜನವರಿಯಲ್ಲಿ ಗಣರಾಜ್ಯೋತ್ಸವ ಶುಕ್ರವಾರ ಬಂದು ಮೂರು ದಿನದ ಬಿಡುವು ಸಿಕ್ಕಿದಾಗ ಕುಮಾರ ಪರ್ವತದ ದಾರಿಯಲ್ಲಿ ಜಾತ್ರೆಯಂತೆ ಸಾವಿರಾರು ಮಂದಿ ನೆರೆದ ಚಿತ್ರಗಳನ್ನು ನೀವೆಲ್ಲ ನೋಡಿದಿರಿ. ಹುಲ್ಲುಗಾವಲಿನ ಒಂಟಿ ಕಾಲುದಾರಿಯಲ್ಲಿ ಸರದಿಯ ಸಾಲು! ಅರಣ್ಯ ಸಚಿವ ಈಶ್ವರ ಖಂಡ್ರೆಯವರು ಆನ್‌ಲೈನ್ ನೋಂದಣಿಯಿಲ್ಲದ ಚಾರಣಗಳನ್ನೆಲ್ಲ ತಡೆದರು. ಅಕ್ಟೋಬರಿನಲ್ಲಿ ನೋಂದಣಿ ವ್ಯವಸ್ಥೆ ಆರಂಭವಾಗಿ, ದಿನಕ್ಕೆ 300 ಮಂದಿಯ ಮಿತಿ ಬಂತು. ಅದೇ ತಿಂಗಳು ತಮಿಳುನಾಡು ಸರ್ಕಾರವೂ ನಲವತ್ತು ಮಾರ್ಗಗಳನ್ನು ಗುರುತಿಸಿ, ಸುಲಭ, ಮಧ್ಯಮ, ಕಠಿಣ ಎಂದು ವಿಂಗಡಿಸಿ, ಬೆಟ್ಟದ ಊರುಗಳ ಯುವಜನರಿಗೇ ತರಬೇತು ಕೊಟ್ಟು ಮಾರ್ಗದರ್ಶಿಗಳನ್ನಾಗಿ ನೇಮಿಸುವ ಯೋಜನೆಯನ್ನು ಹೊರತಂದಿತು. ಎರಡು ನೆರೆರಾಜ್ಯಗಳು ನೀರಿನ ವಿಷಯದಲ್ಲಿ ಒಂದೇ ತಿಂಗಳಲ್ಲಿ ಒಂದೇ ರೀತಿ ಯೋಚಿಸಿದ್ದನ್ನು ನಾನು ಕಂಡಿಲ್ಲ. ಬೆಟ್ಟದ ವಿಷಯದಲ್ಲಿ ಕಂಡೆ.

ನಾನು ಸರ್ಕಾರಿ ನೌಕರನಾದರೂ, ಅಥವಾ ನೌಕರನಾದ್ದರಿಂದಲೇ, ಪೂರ್ಣ ನಿಷೇಧವನ್ನು ಸೋಮಾರಿತನದ ಆಡಳಿತವೆಂದು ತಿಳಿಯುತ್ತೇನೆ. ಬಾಗಿಲು ಮುಚ್ಚಿದರೆ ಕಳ್ಳದಾರಿ ಹುಟ್ಟುತ್ತದೆ, ಕಳ್ಳದಾರಿಯಲ್ಲಿ ದಾರಿ ಬಲ್ಲವನು ಬರುವುದಿಲ್ಲ. ಕೊಯಮತ್ತೂರಿನ ವೆಳ್ಳಿಯಂಗಿರಿಯನ್ನು ನೋಡಿ. ಶಿವರಾತ್ರಿಯಿಂದ ಚಿತ್ರಾ ಪೌರ್ಣಮಿಯವರೆಗೆ ಏಳು ಬೆಟ್ಟ ಹತ್ತುವ ಭಕ್ತರನ್ನು ಯಾವ ಆಜ್ಞೆಯೂ ತಡೆಯಲಾರದು. ಕುಮಾರ ಪರ್ವತವೂ ಚಾರಣಿಗರಿಗಿಂತ ಮುಂಚೆ ಭಕ್ತರದ್ದೇ. ಮಿತಿ ಬೇಕು, ಋತು ಬೇಕು. ಆದರೆ ಈ ಎರಡು ಯೋಜನೆಗಳಲ್ಲಿ ನನ್ನ ಮನಸ್ಸು ತಮಿಳುನಾಡಿನದರ ಕಡೆಗೆ ವಾಲುತ್ತದೆ ಎಂದು ಹೇಳಲು ಸಂಕೋಚವಿಲ್ಲ. ಬರೀ ಸಂಖ್ಯೆಯನ್ನು ನಿಯಂತ್ರಿಸುವುದು ಸುಲಭ, ಕಂಪ್ಯೂಟರು ಅದನ್ನು ಮಾಡುತ್ತದೆ. ಬೆಟ್ಟದವನ ಕೈಗೆ ಅಧಿಕಾರ ಕೊಡುವುದು ಕಷ್ಟ. 'ಇಂದು ಬೇಡ' ಎನ್ನುವ ಹಕ್ಕು ಅವನಿಗೆ ಬರೆಹದಲ್ಲಿ ಇರಬೇಕು. ಹಾಗೆಂದ ದಿನವೂ ಅವನ ಕೂಲಿ ಪೂರ್ತಿ ಸಲ್ಲಬೇಕು. ಹಿಂದಿರುಗಿ ಬಂದರೆ ಹಣ ವಾಪಸು ಎಂಬ ಕರಾರಿನಲ್ಲಿ ಹೋಗುವ ತಂಡದ ಮಾರ್ಗದರ್ಶಿ ಮೋಡವನ್ನು ನೋಡುವುದಿಲ್ಲ, ಗಿರಾಕಿಯ ಮುಖವನ್ನು ನೋಡುತ್ತಾನೆ.

ಮಕ್ಕಳು ಹೊರಟಾಗ ನೀವು ಎಷ್ಟು ಖರ್ಚು ಎಂದು ಕೇಳುತ್ತೀರಿ. ಜೊತೆಗೆ, ಮುಂದೆ ನಡೆಯುವವರು ಯಾವ ಊರಿನವರು ಎಂದೂ ಕೇಳಿ. ಉತ್ತರ ಗೊತ್ತಿಲ್ಲವೆಂದರೆ ಆ ಚೀಲವನ್ನು ಇಳಿಸಲು ಹೇಳಿ. ಒಬ್ಬ ಮಾರ್ಗದರ್ಶಿಗೆ ಎಷ್ಟು ಮಂದಿ, ಕೊನೆಯಲ್ಲಿ ಬರುವವನ ಹಿಂದೆ ಯಾರಿರುತ್ತಾರೆ, ಯಾವ ಗಂಟೆಗೆ ಎಲ್ಲಿದ್ದರೂ ಹಿಂದಿರುಗಲೇಬೇಕು ಎಂಬುದನ್ನು ಮೊದಲೇ ನಿಶ್ಚಯಿಸಿದ್ದಾರೆಯೇ ಎಂದು ವಿಚಾರಿಸಿ. ಫೋನು ಸಿಗದ ಕಡೆ ಆ ಗಂಟೆಯೊಂದೇ ಫೋನು.

ನಮ್ಮ ಸಂಘಕ್ಕೆ ಸಂಬಂಧಿಸಿದಂತೆ ಒಂದು ಸ್ವಾರ್ಥದ ಮಾತನ್ನೂ ಆಡಿಬಿಡುತ್ತೇನೆ. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಲ್ಲಿ ಅನೇಕರಿಗೆ ಕನ್ನಡ ಕಿವಿಗೆ ಗೊತ್ತು, ಬಾಯಿಗೆ ಬಾರದು. ಭಾನುವಾರದ ತರಗತಿಯಲ್ಲಿ ಅಕ್ಷರ ಕಲಿಸಲು ನಾವು ಪಡುವ ಪಾಡು ಎಲ್ಲರಿಗೂ ತಿಳಿದದ್ದೇ. 2016ರ ಆ ಚಾರಣದಲ್ಲಿ, ಹಿಂದಿರುಗುವ ದಾರಿಯಲ್ಲಿ, ನನ್ನ ಮಗಳು ಆ ಮಲೆಕುಡಿಯ ಹಿರಿಯರ ಬೆನ್ನಿಗೇ ನಡೆಯುತ್ತ ಎರಡು ಗಂಟೆ ಮಾತಾಡಿದಳು. ಆ ಗಿಡ ಯಾವುದು, ಈ ಹೆಜ್ಜೆ ಯಾವುದರದು, ಇಂಬಳ ಕಿತ್ತಮೇಲೆ ರಕ್ತವೇಕೆ ನಿಲ್ಲುವುದಿಲ್ಲ ಎಂದೆಲ್ಲ. ಮನೆಯಲ್ಲಿ ನನ್ನೊಡನೆ ಇಂಗ್ಲಿಷಿನಲ್ಲಿ ಉತ್ತರಿಸುವವಳು ಅಲ್ಲಿ ಪ್ರಶ್ನೆಗಳನ್ನೆಲ್ಲ ಕನ್ನಡದಲ್ಲಿಯೇ ಕೇಳಿದಳು, ಏಕೆಂದರೆ ಅವಳಿಗೆ ಉತ್ತರ ಬೇಕಾಗಿತ್ತು.

ಆದ್ದರಿಂದ ಕಾರ್ಯಕಾರಿ ಸಮಿತಿಯ ಮುಂದೆ ಒಂದು ಸೂಚನೆ ಇಟ್ಟಿದ್ದೇನೆ; ಅವರು ಒಪ್ಪಿದ್ದಾರೆ. ಚಂಪಾಷಷ್ಠಿಯ ದಟ್ಟಣೆ ಕಳೆದ ಮೇಲೆ, ಬೇಸಗೆಗೆ ದಾರಿ ಮುಚ್ಚುವುದರೊಳಗೆ, ಒಂದು ಶನಿವಾರ ಭಾನುವಾರ ಸಂಘದ ವತಿಯಿಂದ ಕುಮಾರ ಪರ್ವತಕ್ಕೆ ಹೋಗುವುದು. ಹನ್ನೆರಡು ಮಂದಿ ಮಾತ್ರ. ಶುಕ್ರವಾರ ಮಧ್ಯಾಹ್ನದ ರೈಲು, ಬೆಂಗಳೂರಿನಿಂದ ರಾತ್ರಿಯ ಬಸ್ಸು. ನೋಂದಣಿ ದೊರೆತ ಮೇಲೆಯೇ ಟಿಕೀಟು. ತಪ್ಪಲಿನ ಊರಿನ ಇಬ್ಬರು ಮಾರ್ಗದರ್ಶಿಗಳು, ಒಬ್ಬರು ಮುಂದೆ, ಒಬ್ಬರು ಹಿಂದೆ. ತುದಿ ಮುಟ್ಟಲಿ ಬಿಡಲಿ ಅವರಿಗೆ ಸಲ್ಲುವ ಹಣವನ್ನು ಸಂಘ ಮುಂಗಡವಾಗಿ ತೆಗೆದಿರಿಸುತ್ತದೆ. ತುದಿಯಲ್ಲಿ ತಂಗುವಂತಿಲ್ಲ, ಪ್ಲಾಸ್ಟಿಕ್ ಒಯ್ಯುವಂತಿಲ್ಲ. ನಲವತ್ತೈದು ದಾಟಿದವರು ವೈದ್ಯರ ಚೀಟಿ ತರಬೇಕು. ನನಗೂ ಇದು ಅನ್ವಯಿಸುತ್ತದೆ. ಹೆಸರು ಕೊಡುವವರು ಈ ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳ ಬಳಿ ಬರೆಸಿ. ಈಗಾಗಲೇ ಐದು ಹೆಸರು ಬಂದಿವೆ, ಅದರಲ್ಲಿ ಮೂವರು ಹೆಣ್ಣುಮಕ್ಕಳು.